ಮೇಲೇಳಬಾರದ ವಿಂಡೋಗಳು

"ಇವತ್ತಿನಿಂದ, ನನ್ನ ಅಪ್ಪಣೆ ಇಲ್ಲದೆ, ಈ ಮನೆಯಲ್ಲಿ ಒಂದೇ ಒಂದು ವಿಂಡೋ ಕೂಡ ಮೇಲೇಳಕೂಡದು!"

ಸೋಮವಾರ ಬೆಳಗ್ಗೆ ಎಂಟೂವರೆಗೆ ಓಟ್ಮಾರ್ ಫೆಟರ್ ಎದೆ ಸೆಟೆಸಿ ಈ ಘೋರ ಪ್ರತಿಜ್ಞೆ ಮಾಡಿದ. ಒಂದು ಕೈಯಲ್ಲಿ ಬೆಣ್ಣೆ ಹಚ್ಚಿದ ಪ್ರೆಟ್ಸೆಲ್ ಬ್ರೆಡ್ಡು ಇತ್ತು, ಇನ್ನೊಂದು ಕೈ ಕಂಪ್ಯೂಟರಿನ ಮೌಸ್ ಮೇಲಿತ್ತು. ಪ್ರತಿಜ್ಞೆ ಕೇಳಲು ಇದ್ದವರು ಇಬ್ಬರೇ. ಒಬ್ಬಳು ಹೆಂಡತಿ ಇರ್ಮೆಲ್. ಇನ್ನೊಬ್ಬರು ಪಕ್ಕದ ತಣ್ಣನೆಯ ಕೋಣೆಯಲ್ಲಿ ಮಲಗಿದ್ದ ನಿವೃತ್ತ ಪೋಸ್ಟ್‌ಮಾಸ್ತರರು. ಅವರು ಶನಿವಾರವೇ ತೀರಿಕೊಂಡಿದ್ದರಿಂದ ಅಭಿಪ್ರಾಯ ಹೇಳಲಿಲ್ಲ.

ಫೆಟರ್ ಮನೆಯವರು ಮೂರು ತಲೆಮಾರಿನಿಂದ ಲೋಹ್‌ಟಾಲ್ ಎಂಬ ಆ ಗುಡ್ಡದೂರಿನ ಸತ್ತವರನ್ನು ಮಣ್ಣಿಗೆ ಸೇರಿಸುತ್ತ ಬಂದವರು. ಪೆಟ್ಟಿಗೆ, ಹೂವು, ಪಾದ್ರಿ, ಪತ್ರಿಕೆಯ ಪ್ರಕಟಣೆ, ಪುರಸಭೆಯ ಸ್ಮಶಾನ ಕಚೇರಿಯ ಕಾಗದ, ಎಲ್ಲವೂ ಅವರದೇ ಹೊಣೆ. "ಸಾಯೋದೊಂದನ್ನ ನಾವು ಮಾಡಿದ್ರೆ ಸಾಕು, ಮಿಕ್ಕಿದ್ದೆಲ್ಲ ಫೆಟರ್ ನೋಡ್ಕೋತಾರೆ" ಎಂದು ಊರಿನ ಮುದುಕರು ನೆಮ್ಮದಿಯಿಂದ ಹೇಳಿಕೊಳ್ಳುತ್ತಿದ್ದರು.

ಆದರೆ ಓಟ್ಮಾರನ ಜೀವ ಇದ್ದದ್ದು ಬೇರೆಡೆ. ಕಂಪ್ಯೂಟರಿನ ಪರದೆಯ ಮೇಲೆ ಹತ್ತು ವಿಂಡೋಗಳು ತೆರೆದಿದ್ದರೆ ಯಾವುದು ಯಾವುದರ ಮೇಲಿರಬೇಕು? ಬೆರಳು ಒತ್ತಿದ ಅಕ್ಷರ ಯಾವುದಕ್ಕೆ ಹೋಗಬೇಕು? ಇದನ್ನು ತೀರ್ಮಾನಿಸುವ ಪ್ರೋಗ್ರಾಮಿಗೆ ವಿಂಡೋ ಮ್ಯಾನೇಜರ್ ಎಂದು ಹೆಸರು. ಅದನ್ನು ಪುಕ್ಕಟೆಯಾಗಿ ಬರೆಯುವ, ತಿದ್ದುವ, ಅದರ ಸಲುವಾಗಿ ಪತ್ರಗಳಲ್ಲಿ ಹೊಡೆದಾಡುವ ಇನ್ನೂರು ಮುನ್ನೂರು ಜನ ಜಗತ್ತಿನಲ್ಲಿದ್ದಾರೆ. ಓಟ್ಮಾರ್ ಅವರಲ್ಲೊಬ್ಬ. ಅವನು ಬರೆದ ಹನ್ನೊಂದು ಸಾಲುಗಳು ಆ ಪ್ರೋಗ್ರಾಮಿನೊಳಗೆ ಸೇರಿದ್ದವು. ಲಿಸ್ಬನ್ನಿನ ಒಬ್ಬ ದೊಡ್ಡ ತಜ್ಞ ಅದನ್ನು ನೋಡಿ "ಪರವಾಗಿಲ್ಲ" ಎಂದು ಬರೆದಿದ್ದ. ಆ ಒಂದು ಪದವನ್ನು ಓಟ್ಮಾರ್ ಮುದ್ರಿಸಿ, ಶವಪೆಟ್ಟಿಗೆಗಳ ಬೆಲೆಪಟ್ಟಿಯ ಪಕ್ಕದಲ್ಲಿ ಅಂಟಿಸಿದ್ದ.

ಪ್ರತಿಜ್ಞೆಗೆ ಕಾರಣ ಶನಿವಾರದ ಅವಘಡ. ಇರ್ಮೆಲ್ ಪೋಸ್ಟ್‌ಮಾಸ್ತರರ ಪ್ರಕಟಣೆಯನ್ನು ಬೆರಳಚ್ಚಿಸುತ್ತಿದ್ದಳು. ಅವಳ ಕಣ್ಣು ಕಾಗದದ ಮೇಲಿತ್ತು, ಬೆರಳು ಕೀಲಿಗಳ ಮೇಲಿತ್ತು. ಅದೇ ಕ್ಷಣಕ್ಕೆ ಪೆಟ್ಟಿಗೆ ಕಾರ್ಖಾನೆಯ ಮಾಲೀಕನ ಪತ್ರವೊಂದು ಬಂದು, ಅದರ ವಿಂಡೋ ಎಲ್ಲರ ತಲೆಯ ಮೇಲೆ ಹಾರಿ ಕೂತಿತು. ಇರ್ಮೆಲ್ ಒತ್ತಿದ ಅಕ್ಷರಗಳೆಲ್ಲ ಅದರೊಳಕ್ಕೆ ಬಿದ್ದವು. ಕೊನೆಗೆ ಎಂಟರ್ ಒತ್ತಿದಳು. ಎರಡೇ ನಿಮಿಷದಲ್ಲಿ ಫೋನ್ ಬಡಿದುಕೊಂಡಿತು.

"ಇರ್ಮೆಲ್, 'ತಮ್ಮ ಅಗಲಿಕೆಯಿಂದ ಊರೇ ಬಡವಾಗಿದೆ' ಅಂತ ಬರ್ದಿದ್ದೀಯಲ್ಲ, ನಾನಿನ್ನೂ ಊಟಕ್ಕೆ ಕೂತಿದ್ದೀನಮ್ಮ! ಅಷ್ಟೊಂದು ಅವಸರ ಏನಿತ್ತು?"

ಇರ್ಮೆಲ್ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಓಟ್ಮಾರ್ ನಗಲಿಲ್ಲ. ಅವನಿಗೆ ಅದು ಮಾನದ ಪ್ರಶ್ನೆ. ತಜ್ಞನಿಂದ "ಪರವಾಗಿಲ್ಲ" ಅನ್ನಿಸಿಕೊಂಡವನ ಮನೆಯಲ್ಲೇ ಒಂದು ವಿಂಡೋ ಹೇಳದೆ ಕೇಳದೆ ಮೇಲೇರುವುದೆಂದರೇನು?

ಹಾಗಾಗಿ ಸೋಮವಾರ ಇಡೀ ದಿನ ಕೂತು ಅವನು ಹೊಸ ಕಾನೂನು ಬರೆದ. ಮಧ್ಯಾಹ್ನದ ಊಟದ ಹೊತ್ತಿಗೆ ಅದನ್ನು ಹೆಂಡತಿಗೆ ವಿವರಿಸಲು ನಾಲ್ಕು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ.

"ನೋಡು ಇರ್ಮೆಲ್. ಮೇಲಿರೋದು ಬೇರೆ, ಬಡಿಸಿಕೊಳ್ಳೋದು ಬೇರೆ. ಇದು ಜನಕ್ಕೆ ಅರ್ಥಾನೇ ಆಗಲ್ಲ. ಎಲ್ಲಕ್ಕಿಂತ ಮೇಲಿರೋ ತಟ್ಟೆಗೇ ಬಡಿಸ್ಬೇಕು ಅಂತ ಎಲ್ಲಿ ಬರ್ದಿದೆ? ಯಾವ ತಟ್ಟೆ ಊಟ ಮಾಡ್ತಿದೆಯೋ ಅದಕ್ಕೇ ಬಡಿಸ್ಬೇಕು."

"ಅಂದ್ರೆ ಕೆಳಗಿನ ತಟ್ಟೆಗೆ ಬಡಿಸ್ತೀಯಾ? ಮೇಲಿನದರ ತಳಕ್ಕೆ ಬೇಳೆ ಮೆತ್ಕೊಳ್ಳಲ್ವಾ?"

"ಅಯ್ಯೋ, ಇದು ಉದಾಹರಣೆ ಕಣೇ!"

"ಉದಾಹರಣೆ ತೊಳೆಯೋಳು ನಾನು."

ಓಟ್ಮಾರ್ ಎದೆಗುಂದಲಿಲ್ಲ. "ಹೊಸ ತಟ್ಟೆ ಬಂತು ಅಂದ್ಕೋ. ಇಷ್ಟು ದಿನ ಅದು ನೇರವಾಗಿ ನೆತ್ತಿ ಮೇಲೆ ಬಂದು ಕೂರ್ತಿತ್ತು, ಬಡಿಸೋ ಸೌಟನ್ನೂ ಕಿತ್ಕೋತಿತ್ತು. ಇನ್ಮೇಲೆ ಹಾಗಿಲ್ಲ. ಹೊಸಬರು ಎಲ್ಲರಿಗಿಂತ ಕೆಳಕ್ಕೆ. ಮರ್ಯಾದೆಯಾಗಿ ಕಾಯ್ಬೇಕು. ನೀನು ಕರೆದಾಗ ಮಾತ್ರ ಮೇಲೆ ಬರ್ಬೇಕು."

"ಕಾಯ್ತಾ ಇದೆ ಅಂತ ನನಗೆ ಹೇಗೆ ಗೊತ್ತಾಗುತ್ತೆ?"

"ಪರದೆಯ ಅಡಿಯಲ್ಲಿ ಒಂದು ಪಟ್ಟಿ ಇದೆಯಲ್ಲ, ಅದರಲ್ಲಿ ಹೆಸರು ಬರುತ್ತೆ."

ಸರಿಯಾದ ಉತ್ತರವೇ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಸಂಜೆಯ ಹೊತ್ತಿಗೆ ಆ ಪಟ್ಟಿಯಲ್ಲಿ ಹೆಸರುಗಳು ಮಿನುಗುವುದು ಓಟ್ಮಾರನ ಕಣ್ಣಿಗೆ ಚುಚ್ಚತೊಡಗಿತು. ಮಿನುಗುವುದೂ ಒಂದು ಬಗೆಯ ಗಲಾಟೆಯಲ್ಲವೆ? ಕಾಯುವವರು ಕೆಮ್ಮುತ್ತ ಕಾಯಬೇಕೇಕೆ? ಅವನು ಮಿನುಗುವುದನ್ನು ನಿಲ್ಲಿಸಿದ. ಆಮೇಲೆ ಪಟ್ಟಿಯೇ ಎರಡು ಬೆರಳಷ್ಟು ಜಾಗ ತಿನ್ನುತ್ತದೆ ಅನ್ನಿಸಿ ಅದನ್ನೂ ಬಚ್ಚಿಟ್ಟ. ಪರದೆ ಹೊಸದಾಗಿ ಮಣ್ಣು ಮುಚ್ಚಿದ ಸಮಾಧಿಯಂತೆ ಸಮತಟ್ಟಾಗಿ, ನಿಶ್ಶಬ್ದವಾಗಿ ಕಾಣಿಸಿತು. ಓಟ್ಮಾರನಿಗೆ ಹೃದಯ ತುಂಬಿ ಬಂತು.

ಮಂಗಳವಾರ ಬೆಳಗ್ಗೆ ವಾಲ್ಬುರ್ಗಾ ಕ್ನಾಪ್ ಅಜ್ಜಿ ಬಂದರು. ವಯಸ್ಸು ಎಂಬತ್ತೆರಡು. ಗಡಿಯಾರ ರಿಪೇರಿ ಮಾಡುತ್ತಿದ್ದ ಅವರ ಗಂಡ ಗಾಟ್‌ಹಿಲ್ಫ್ ಬೆಳಗಿನ ಜಾವ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಅಜ್ಜಿ ಕಪ್ಪು ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಓಟ್ಮಾರನ ಮುಂದೆ ನೆಟ್ಟಗೆ ಕುಳಿತರು.

"ಪೆಟ್ಟಿಗೆ ಯಾವುದಾದ್ರೂ ಆಗುತ್ತೆ ಹೆರ್ ಫೆಟರ್. ಹೂವೂ ಯಾವುದಾದ್ರೂ ಆಗುತ್ತೆ. ನನಗೆ ಬೇಕಾಗಿರೋದು ಒಂದೇ. ಎರಡಂತಸ್ತಿನ ಗುಂಡಿ."

ಆ ಸೀಮೆಯಲ್ಲಿ ಗಂಡಹೆಂಡಿರು ಹಾಗೆ ಕೇಳುವುದುಂಟು. ಮೊದಲು ಹೋದವರಿಗೆ ಎರಡು ಮೀಟರ್ ನಲವತ್ತರ ಆಳ ತೋಡುತ್ತಾರೆ. ಆಮೇಲೆ ಬರುವವರನ್ನು ಅದೇ ಗುಂಡಿಯಲ್ಲಿ ಅವರ ಮೇಲೆ ಇಳಿಸುತ್ತಾರೆ. ಮೊದಲ ಸಲವೇ ಆಳ ತೋಡದೆ ಮಾಮೂಲಿ ಒಂದು ಎಂಬತ್ತಕ್ಕೆ ನಿಲ್ಲಿಸಿಬಿಟ್ಟರೆ ಮುಗಿಯಿತು. ಆಮೇಲೆ ಇನ್ನೊಂದು ಪೆಟ್ಟಿಗೆಗೆ ಜಾಗವಿಲ್ಲ.

"ಕೆಳಗೆ ಅವನು, ಮೇಲೆ ನಾನು," ಅಂದರು ಅಜ್ಜಿ. "ನಲವತ್ತಮೂರರಲ್ಲಿ ಮದುವೆ ಆಯ್ತು. ಹನ್ನೊಂದು ದಿನದ ರಜಾ ಅವನಿಗೆ. ಆಮೇಲೆ ಯುದ್ಧಕ್ಕೆ ಹೋದ, ರಷ್ಯಾದವರ ಕೈಗೆ ಸಿಕ್ಕ. ಆರು ವರ್ಷ ಬದುಕಿದ್ದಾನೋ ಇಲ್ವೋ ಅಂತ ಒಂದು ಕಾಗದ ಇಲ್ಲ. ನಲವತ್ತೊಂಬತ್ತರಲ್ಲಿ ಬಾಗಿಲಲ್ಲಿ ಬಂದು ನಿಂತ. ಇನ್ನೊಂದು ಸಲ ನನ್ನನ್ನ ಬಿಟ್ಟು ಬೇರೆ ಕಡೆ ಮಲಗಿದ್ರೆ ನೋಡು ಅಂದಿದ್ದೆ. ಹೂಂ ಅಂದಿದ್ದ."

ಓಟ್ಮಾರ್ ಕುರ್ಚಿಯನ್ನು ಅಜ್ಜಿಯ ಹತ್ತಿರಕ್ಕೆ ಎಳೆದುಕೊಂಡ. ಸಾವಿನ ಕಸುಬಿನವನಾದರೂ ಮನುಷ್ಯನೇ ತಾನೆ? "ಖಂಡಿತ ಫ್ರೌ ಕ್ನಾಪ್. ನನ್ನ ಮೇಲೆ ಬಿಡಿ."

ಅಜ್ಜಿ ಚರ್ಚಿನ ಗೋಡೆಗೆ ಹತ್ತಿರದ ಸಿ ಸಾಲನ್ನು ಇಷ್ಟಪಟ್ಟರು. ಓಟ್ಮಾರ್ ಅವರ ಮುಂದೆಯೇ "ಎರಡಂತಸ್ತು, ಸಿ ಸಾಲು, ಶುಕ್ರವಾರ ಮಧ್ಯಾಹ್ನ ಎರಡು ಗಂಟೆ" ಎಂದು ಬರೆದು ಸ್ಮಶಾನ ಕಚೇರಿಗೆ ಕಳಿಸಿದ. ಬರೆಯುವಾಗ ಒಂದು ವಿಂಡೋ ಕೂಡ ಅಡ್ಡ ಬರಲಿಲ್ಲ. ಎಂಥ ಸುಖ!

ಬುಧವಾರವೂ ಯಾವ ವಿಂಡೋ ಅಡ್ಡ ಬರಲಿಲ್ಲ. ಇರ್ಮೆಲ್ ಗಾಟ್‌ಹಿಲ್ಫ್ ಅವರಿಗೆ ಸ್ನಾನ ಮಾಡಿಸಿ, ಗಡ್ಡ ಹೆರೆದು, ಟೈ ಕಟ್ಟಿ, ಕೈ ಒರೆಸಿಕೊಳ್ಳುತ್ತ ಕಚೇರಿಗೆ ಬಂದಳು.

"ಯಾರದ್ದಾದ್ರೂ ಪತ್ರ ಬಂತಾ?"

"ಇಲ್ಲ."

"ನಿನ್ನೆಯಿಂದ ಒಂದೂ ಇಲ್ವಾ? ಹೂವಿನ ಅಂಗಡಿಯವಳು ದಿನಕ್ಕೆ ನಾಲ್ಕು ಬರೀತಾಳೆ."

"ಊರಿಗೆಲ್ಲ ಶಿಸ್ತು ಬಂದಿದೆ ಇರ್ಮೆಲ್."

"ಊರಿಗೆ ಏನೋ ಆಗಿದೆ ಅನ್ನು," ಎಂದು ಇರ್ಮೆಲ್ ಕಿಟಕಿಯಿಂದ ಹೊರಗೆ ನೋಡಿದಳು. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ಸಮಾಧಾನವಾಗಿ ಒಳಗೆ ಹೋದಳು.

ಓಟ್ಮಾರ್ ಆ ಹೊತ್ತಿನಲ್ಲಿ ಲಿಸ್ಬನ್ನಿನ ತಜ್ಞನಿಗೆ ಮೂರು ಪುಟದ ಪತ್ರ ಬರೆಯುತ್ತಿದ್ದ. "ಮಾನ್ಯರೇ, ಎರಡು ದಿನಗಳಿಂದ ನಮ್ಮ ಕಚೇರಿಯಲ್ಲಿ ಪರಿಪೂರ್ಣ ಶಾಂತಿ ನೆಲೆಸಿದೆ. ನನ್ನ ಗಮನವನ್ನು ಕದಿಯಲು ಒಂದು ವಿಂಡೋಗೂ ಧೈರ್ಯವಾಗಿಲ್ಲ." ಆ ವಾಕ್ಯ ಅವನಿಗೆ ಎಷ್ಟು ಹಿಡಿಸಿತೆಂದರೆ ಅದನ್ನು ಎರಡು ಸಲ ಬರೆದ. ಗೋಡೆ ಗಡಿಯಾರ ಹನ್ನೆರಡು ಹೊಡೆಯಿತು.

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಓಟ್ಮಾರ್ ಅಳತೆಕೋಲು ಹಿಡಿದು ಸ್ಮಶಾನಕ್ಕೆ ಹೋದ. ಯಾವುದೇ ಗುಂಡಿಯನ್ನು ಅಳೆಯದೆ ಅದರೊಳಗೆ ಯಾರನ್ನೂ ಇಳಿಸಬಾರದೆಂಬುದು ಅವನ ಅಜ್ಜನ ಕಾಲದ ಪದ್ಧತಿ. ಗುಂಡಿ ತೋಡುವ ಎವಾಲ್ಡ್ ತನ್ನ ಪುಟ್ಟ ಯಂತ್ರದ ಮೇಲೆ ಕೂತು ಸಾಸೇಜು ತಿನ್ನುತ್ತಿದ್ದ. ಓಟ್ಮಾರ್ ಕೋಲು ಇಳಿಬಿಟ್ಟ. ಒಂದು ಎಂಬತ್ತು. ಕೋಲನ್ನು ಮೇಲೆತ್ತಿ ನೋಡಿ, ಒರೆಸಿ, ಮತ್ತೆ ಬಿಟ್ಟ. ಒಂದು ಎಂಬತ್ತು!

"ಎವಾಲ್ಡ್, ಇನ್ನೂ ಅರವತ್ತು ಸೆಂಟಿಮೀಟರ್ ಬಾಕಿ ಇದೆಯಲ್ಲ!"

"ಏನ್ ಬಾಕಿ? ಮುಗ್ದೈತೆ. ಕಾಗದದಾಗೆ ಒಂದಂತಸ್ತು ಅಂತ ಐತೆ."

"ನಾನು ಎರಡಂತಸ್ತು ಅಂತ ಬರ್ದಿದ್ದೆ!"

"ಸಿ ಸಾಲಿನಾಗೆ ಎರಡಂತಸ್ತು ಯಾವೋನು ಕೊಡ್ತಾನೆ? ಎರಡು ಮೀಟರಿಗೆ ಬಂಡೆ ಸಿಗ್ತದೆ ಇಲ್ಲಿ. ಕಚೇರಿ ನೇಗೆಲೆ ಸಾಹೇಬ್ರು ನಿಂಗೆ ಬರ್ದು ಬರ್ದು ಸಾಕಾದ್ರಂತೆ. ನೀನು ಮಾರಾಯ ಒಂದಕ್ಕೂ ಉತ್ತರ ಕೊಟ್ಟಿಲ್ವಂತೆ."

"ನನಗೆ ಒಂದೂ ಬಂದಿಲ್ಲ," ಎಂದ ಓಟ್ಮಾರ್. ಹೇಳುತ್ತಿರುವಾಗಲೇ ತಾನು ಬಚ್ಚಿಟ್ಟ ಪಟ್ಟಿ ನೆನಪಾಯಿತು.

ಅವನು ಓಡಿದ. ಐವತ್ತಾರು ವರ್ಷದ, ನೂರಾ ಎರಡು ಕಿಲೋ ತೂಕದ, ಕಪ್ಪು ಸೂಟಿನ ಶವಸಂಸ್ಕಾರದವನು ಊರ ಮಧ್ಯದ ರಸ್ತೆಯಲ್ಲಿ ಓಡುವುದನ್ನು ಲೋಹ್‌ಟಾಲಿನ ಜನ ಹಿಂದೆಂದೂ ನೋಡಿರಲಿಲ್ಲ. ಇಬ್ಬರು ಮುದುಕರು ತಮ್ಮ ನಾಡಿ ಮುಟ್ಟಿ ನೋಡಿಕೊಂಡರು.

ಕಚೇರಿಗೆ ಬಂದು, ಏದುಸಿರು ಬಿಡುತ್ತ, ಓಟ್ಮಾರ್ ತಾನು ಲಿಸ್ಬನ್ನಿಗೆ ಬರೆದ ಪತ್ರದ ವಿಂಡೋವನ್ನು ಪಕ್ಕಕ್ಕೆ ಸರಿಸಿದ. ಅದರಡಿಯಲ್ಲಿ ಇನ್ನೊಂದು ವಿಂಡೋ ಇತ್ತು. ಅದರಡಿಯಲ್ಲಿ ಮತ್ತೊಂದು. ಒಟ್ಟು ಹದಿನೇಳು! ಒಂದರಡಿ ಒಂದು, ಬಂದ ಕ್ರಮದಲ್ಲಿ, ಉಸಿರೆತ್ತದೆ, ಮರ್ಯಾದೆಯಾಗಿ ಕಾಯುತ್ತಿದ್ದವು. ಇರ್ಮೆಲ್ ಹಿಂದೆ ಬಂದು ನಿಂತಳು. ಅವನು ಒಂದೊಂದನ್ನೇ ತೆಗೆಯುತ್ತ ಹೋದ.

ಮೊದಲನೆಯದು ಹೂವಿನ ಅಂಗಡಿಯದು. "ಬಿಳಿ ಲಿಲ್ಲಿ ಇಲ್ಲ, ಹಳದಿ ಆಗುತ್ತಾ? ಬೇಡ ಅನ್ನದಿದ್ದರೆ ಹಳದಿ."

ಎರಡನೆಯದು ಮಂಗಳವಾರ ಮಧ್ಯಾಹ್ನ ಮೂರು ಗಂಟೆಯದು, ಸ್ಮಶಾನ ಕಚೇರಿಯ ನೇಗೆಲೆ ಸಾಹೇಬರದು. "ಸಿ ಸಾಲಿನಲ್ಲಿ ಬಂಡೆ ಇರುವುದರಿಂದ ಎರಡಂತಸ್ತು ಸಾಧ್ಯವಿಲ್ಲ. ಎಫ್ ಸಾಲಿನಲ್ಲಿ ಎರಡಂತಸ್ತಿನ ಒಂದು ಜಾಗ ಖಾಲಿಯಿದೆ. ಯಾವುದು ಬೇಕೆಂದು ಬುಧವಾರ ಹನ್ನೆರಡರೊಳಗೆ ತಿಳಿಸಬೇಕು. ತಿಳಿಸದಿದ್ದರೆ ಸಿ ಸಾಲಿನಲ್ಲಿ ಒಂದಂತಸ್ತು ತೋಡಲಾಗುವುದು."

ಅದರಡಿಯಲ್ಲಿ ಚರ್ಚಿನ ಹಾಡುಗಾರರು. "ನಮ್ಮ ಮಂದ್ರ ಸ್ವರದವರಿಗೆ ನೆಗಡಿ."

ಅದರಡಿಯಲ್ಲಿ ನೇಗೆಲೆ, ಬುಧವಾರ ಒಂಬತ್ತು. "ಜ್ಞಾಪನೆ."

ನೇಗೆಲೆ, ಹನ್ನೊಂದು. "ಎರಡನೆಯ ಜ್ಞಾಪನೆ."

ನೇಗೆಲೆ, ಹನ್ನೊಂದೂ ಮುಕ್ಕಾಲು. "ಹೆರ್ ಫೆಟರ್, ಇನ್ನು ಹದಿನೈದು ನಿಮಿಷ ಇದೆ. ಎಫ್ ಸಾಲಿಗೆ ಇನ್ನೊಬ್ಬರು ಕೇಳುತ್ತಿದ್ದಾರೆ."

ನೇಗೆಲೆ, ಹನ್ನೆರಡು ಗಂಟೆ ಒಂದು ನಿಮಿಷ. "ಉತ್ತರ ಬಂದಿಲ್ಲ. ಎಫ್ ಸಾಲಿನ ಜಾಗವನ್ನು ಬೇರೆಯವರಿಗೆ ಕೊಡಲಾಗಿದೆ. ತಮ್ಮ ಸಹಕಾರಕ್ಕೆ ಧನ್ಯವಾದಗಳು."

ಎಲ್ಲಕ್ಕಿಂತ ತಳದಲ್ಲಿ, ಹದಿನೇಳನೆಯದಾಗಿ, ಲಿಸ್ಬನ್ನಿನ ತಜ್ಞ ಇದ್ದ. "ಸ್ವಾರಸ್ಯಕರ. ಆದರೆ ಮುಖ್ಯವಾದದ್ದೇನಾದರೂ ಬಂದರೆ ನಿಮಗೆ ಹೇಗೆ ಗೊತ್ತಾಗುತ್ತದೆ?"

ಕಚೇರಿಯಲ್ಲಿ ಪರಿಪೂರ್ಣ ಶಾಂತಿ ನೆಲೆಸಿತು.

ಓಟ್ಮಾರ್ ಪುರಸಭೆಗೆ ಫೋನ್ ಮಾಡಿದ. "ನೇಗೆಲೆಯವರೇ, ಒಂದೇ ಒಂದು ಫೋನ್ ಮಾಡಬಾರದಿತ್ತಾ?"

"ಫೋನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಏನಿರುತ್ತೆ ಹೆರ್ ಫೆಟರ್? ಇಪ್ಪತ್ತೆಂಟು ವರ್ಷದಲ್ಲಿ ನಾನು ಯಾರಿಗೂ ಫೋನ್ ಮಾಡಿ ಗುಂಡಿ ಕೊಟ್ಟಿಲ್ಲ. ನಿಮಗೆ ಐದು ಸಲ ಬರ್ದಿದ್ದೀನಿ. ತೆಗೆದು ನೋಡಿ."

"ನೋಡ್ದೆ."

"ಯಾವಾಗ?"

"ಈಗ."

"ಎಫ್ ಸಾಲು ಹೋಯ್ತು," ಎಂದರು ನೇಗೆಲೆ. ಅವರ ದನಿಯಲ್ಲಿ ಸಿಟ್ಟಿಗಿಂತ ಮರುಕವೇ ಹೆಚ್ಚಿತ್ತು. "ಬೇರೆ ಎರಡಂತಸ್ತಿನ ಜಾಗ ಈ ವರ್ಷ ಒಂದೂ ಇಲ್ಲ. ಒಂದು ಸಲ ಇಳಿಸಿದ ಮೇಲೆ ಎತ್ತೋದಕ್ಕೂ ಕಾನೂನು ಬಿಡಲ್ಲ. ಅದು ನಿಮಗೂ ಗೊತ್ತು."

ಗೊತ್ತಿತ್ತು. ಫೋನ್ ಕೆಳಗಿಟ್ಟು ತಲೆಯೆತ್ತಿದರೆ ಬಾಗಿಲಲ್ಲಿ ಕ್ನಾಪ್ ಅಜ್ಜಿ ನಿಂತಿದ್ದರು. ಪೆಟ್ಟಿಗೆ ಮುಚ್ಚುವ ಮೊದಲು ಗಂಡನ ಜೇಬಿಗೆ ಕನ್ನಡಕ ಇಡಲು ಬಂದಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ!

ಓಟ್ಮಾರ್ ಅವರನ್ನು ಕೂರಿಸಿದ. ಎದುರಿಗೆ ತಾನೂ ಕೂತ. ನಡೆದದ್ದನ್ನು ಹೇಳಿದ.

"ಕಾಗದ ಬಂದಿತ್ತು ಅಂತೀರಿ," ಎಂದರು ಅಜ್ಜಿ ನಿಧಾನವಾಗಿ.

"ಬಂದಿತ್ತು ಫ್ರೌ ಕ್ನಾಪ್. ಆದ್ರೆ ಕೆಳಗಿತ್ತು."

"ಯಾವುದರ ಕೆಳಗೆ?"

"ಬೇರೆ ವಿಂಡೋಗಳ ಕೆಳಗೆ. ಕಂಪ್ಯೂಟರಿನಲ್ಲಿ."

"ಅದನ್ನ ಕೆಳಗೆ ಹಾಕಿದ್ದು ಯಾರು?"

"ನಾನೇ. ಅಂದ್ರೆ ಅದು ತಾನಾಗೇ ಕೆಳಗೆ ಹೋಗೋ ಹಾಗೆ ನಾನು ಮಾಡಿಟ್ಟಿದ್ದೆ."

"ಯಾಕೆ?"

"ಅಡ್ಡ ಬರಬಾರದು ಅಂತ."

"ಯಾರಿಗೆ?"

ಓಟ್ಮಾರನ ಹತ್ತಿರ ಇದಕ್ಕೆ ಮೂರು ಪುಟದ ಉತ್ತರ ಸಿದ್ಧವಿತ್ತು. ಅದರಲ್ಲಿ ಒಂದು ಸಾಲನ್ನೂ ಹೇಳಲಾಗಲಿಲ್ಲ. "ನನಗೆ," ಎಂದ.

ಅಜ್ಜಿ ಕೈಚೀಲ ತೆರೆದರು, ಕನ್ನಡಕ ಇದೆಯೇ ಎಂದು ನೋಡಿದರು, ಮತ್ತೆ ಮುಚ್ಚಿದರು. ಅವರು ಬೈದಿದ್ದರೆ ಓಟ್ಮಾರನಿಗೆ ಎಷ್ಟೋ ಹಗುರವಾಗುತ್ತಿತ್ತು. ಅಜ್ಜಿ ಬೈಯಲಿಲ್ಲ.

"ಒಂದಂತಸ್ತಿನ ಗುಂಡಿ ಮೇಲೆ ಇನ್ನೇನೂ ಇಡೋಕಾಗಲ್ವಾ?"

"ಪೆಟ್ಟಿಗೆ ಆಗಲ್ಲ. ಸುಟ್ಟ ಬೂದಿಯ ಕಲಶ ಆದ್ರೆ ಇಡಬಹುದು."

"ಸುಟ್ಟ ಬೂದಿ," ಎಂದರು ಅಜ್ಜಿ. ಕೋಟಿನ ಮೇಲಿನ ಗುಂಡಿಯನ್ನು ಒಮ್ಮೆ ಬಿಚ್ಚಿ ಮತ್ತೆ ಹಾಕಿದರು. "ನಲವತ್ನಾಲ್ಕರಲ್ಲಿ ಬಾಂಬು ಬಿದ್ದು ಬೆಂಕಿ ಹತ್ತಿದಾಗ ನಾನು ನಮ್ಮಕ್ಕನ ಮನೆಯಲ್ಲಿದ್ದೆ. ನಾನು ನೆಲಮಾಳಿಗೆಯಿಂದ ಹೊರಗೆ ಬಂದೆ. ಅಕ್ಕ ಬರಲಿಲ್ಲ. ಗಾಟ್‌ಹಿಲ್ಫ್ ವಾಪಸ್ ಬಂದ ಮೇಲೆ ಒಲೆ ಹಚ್ಚೋದಕ್ಕೂ ಅವನೇ ಬರಬೇಕಾಗಿತ್ತು." ಕೈಚೀಲವನ್ನು ಮೇಜಿನ ಮೇಲಿಟ್ಟರು. "ಇರಲಿ. ನನ್ನನ್ನ ಸುಡಿ. ಅವನ ಹತ್ರ ಹೋಗೋಕೆ ಅದೊಂದೇ ದಾರಿ ಅಂದ್ರೆ ಸುಡಿ. ಎಲ್ಲಿ ಬರೀಬೇಕು ಹೇಳಿ, ಬರ್ದುಕೊಡ್ತೀನಿ."

ಓಟ್ಮಾರ್ ಪೆನ್ನು ಹುಡುಕುವ ನೆಪದಲ್ಲಿ ಮೇಜಿನ ಖಾನೆಯೊಳಗೆ ಮುಖ ಹಾಕಿದ. ಅಲ್ಲಿ ಏನೂ ಕಾಣುತ್ತಿರಲಿಲ್ಲ, ಎಲ್ಲ ಮಂಜು ಮಂಜಾಗಿತ್ತು.

"ಬೇಡ," ಎಂದಳು ಇರ್ಮೆಲ್.

ಇಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದವಳು ಈಗ ಬಂದು ಅಜ್ಜಿಯ ಪಕ್ಕದಲ್ಲಿ ಕೂತಳು. "ಯಾರನ್ನೂ ಸುಡೋದು ಬೇಡ. ಎಫ್ ಸಾಲಲ್ಲಿ ಒಂಬತ್ತನೇ ನಂಬರಿದೆ. ಎರಡಂತಸ್ತಿಂದು."

"ಇರ್ಮೆಲ್, ಅದು ನಮ್ಮದು!" ಎಂದು ಓಟ್ಮಾರ್ ಖಾನೆಯಿಂದ ತಲೆಯೆತ್ತಿದ.

ಅವರದೇ. ಆ ಊರಲ್ಲಿ ಸತ್ತವರಿಗೂ ಅವಧಿ ಇರುತ್ತದೆ. ಇಪ್ಪತ್ತೈದು ವರ್ಷ ಮಲಗಿದ ಮೇಲೆ, ಮನೆಯವರು ಇಟ್ಟುಕೊಳ್ಳುತ್ತೇವೆಂದರೆ ಜಾಗ ಅದೇ ಮನೆತನದ ಮುಂದಿನವರಿಗೆ ಬರುತ್ತದೆ. ಒಂಬತ್ತನೇ ನಂಬರಿನಲ್ಲಿ ಮಲಗಿದ್ದ ಓಟ್ಮಾರನ ಅಜ್ಜ ಅಜ್ಜಿಯರ ಅವಧಿ ಎಂದೋ ಮುಗಿದು, ಕಲ್ಲು ತೆಗೆಸಿ ಹುಲ್ಲು ಹಾಕಿಸಿತ್ತು. ಊರಿಗೇ ಒಳ್ಳೆಯ ಜಾಗ. ನಿಂಬೆಹೂವಿನ ವಾಸನೆಯ ದೊಡ್ಡ ಮರದ ನೆರಳು, ಮೆತ್ತನೆಯ ಮಣ್ಣು. ಭಾನುವಾರ ಸಂಜೆ ಗಂಡಹೆಂಡಿರು ಅಲ್ಲಿಗೆ ನಡೆದು ಹೋಗಿ, ಯಾರು ಕೆಳಗೆ ಯಾರು ಮೇಲೆ ಎಂದು ನಗುನಗುತ್ತ ಜಗಳವಾಡಿ ಬರುತ್ತಿದ್ದರು.

"ನಮ್ಮದು ಅಂತ ಗೊತ್ತು," ಎಂದಳು ಇರ್ಮೆಲ್. "ಅದಕ್ಕೇ ಕೊಡೋಕಾಗುತ್ತೆ. ನೇಗೆಲೆ ಹತ್ರ ಇಬ್ಬರ ಸಹಿ ಬೇಕು. ನಂದು ಹಾಕ್ತೀನಿ. ನಿಂದು?"

ಓಟ್ಮಾರ್ ಹೆಂಡತಿಯನ್ನು ನೋಡಿದ. ಅಜ್ಜಿಯನ್ನು ನೋಡಿದ. ಈಗ ಪೆನ್ನು ಸಿಕ್ಕಿತು.

ಎವಾಲ್ಡ್ ಹತ್ತೂವರೆಗೆ ಎಫ್ ಸಾಲಿಗೆ ಯಂತ್ರ ತಂದ. "ಒಂದೇ ದಿನ ಒಂದೇ ಹೆಣಕ್ಕೆ ಎರಡು ಗುಂಡಿ! ನಮ್ಮಪ್ಪನ ಕಾಲದಿಂದ ಇದನ್ನ ನೋಡಿಲ್ಲ," ಎಂದು ಗೊಣಗಿದ. ಆದರೆ ಕಾರಣ ಕೇಳಿದ ಮೇಲೆ ಊಟಕ್ಕೂ ಏಳಲಿಲ್ಲ. ಒಂದೂಕಾಲಿಗೆ ಓಟ್ಮಾರ್ ಕೋಲು ಇಳಿಬಿಟ್ಟ. ಎರಡು ನಲವತ್ತು. ಮೂರು ಸಲ ಅಳೆದ.

ಎರಡು ಗಂಟೆಗೆ ಹಳದಿ ಲಿಲ್ಲಿಗಳ ನಡುವೆ, ಮಂದ್ರ ಸ್ವರವಿಲ್ಲದ ಹಾಡಿನ ಜೊತೆ, ಗಾಟ್‌ಹಿಲ್ಫ್ ಕ್ನಾಪ್ ಕೆಳಗಿಳಿದರು. ಅಜ್ಜಿ ಓಟ್ಮಾರನ ತೋಳು ಹಿಡಿದು ಅಂಚಿಗೆ ಬಂದು ಬಗ್ಗಿ ನೋಡಿದರು.

"ತುಂಬಾ ಆಳದಲ್ಲಿದ್ದಾನೆ."

"ನಿಮಗೆ ಜಾಗ ಬಿಡಬೇಕಲ್ಲ ಫ್ರೌ ಕ್ನಾಪ್."

"ಸರಿ," ಎಂದು ಅಜ್ಜಿ ಒಂದು ಹಿಡಿ ಮಣ್ಣು ಹಾಕಿದರು. "ಈ ಸಲ ಅವನು ಕಾಯಲಿ."

ಸಂಜೆ ಐದಕ್ಕೆ ಓಟ್ಮಾರ್ ಕಪ್ಪು ಸೂಟಿನಲ್ಲೇ ಕಂಪ್ಯೂಟರಿನ ಮುಂದೆ ಕೂತ. ಅಡಗಿಸಿದ ಪಟ್ಟಿಯನ್ನು ಹೊರಗೆ ತಂದ. ಮಿನುಗುವುದನ್ನು ಮಿನುಗಲು ಬಿಟ್ಟ. ತನ್ನ ಕಾನೂನನ್ನು ಒಂದೊಂದೇ ಸಾಲಾಗಿ ಅಳಿಸಿದ. ಕೊನೆಯ ಸಾಲು ಅಳಿಸಿದ ಕೂಡಲೇ ಒಂದು ವಿಂಡೋ ಧಡಾರನೆ ಎದ್ದು ಅವನ ಮೂಗಿನ ಮುಂದೆ ನಿಂತಿತು. ನೇಗೆಲೆ ಸಾಹೇಬರದು. "ಸಿ ಸಾಲಿನ ಗುಂಡಿಯನ್ನು ಮುಚ್ಚಲಾಗಿದೆ. ಶ್ರೀಮತಿ ಇರ್ಮೆಲ್ ಫೆಟರ್ ಅವರ ಕೋರಿಕೆಯಂತೆ ಆ ಜಾಗವನ್ನು, ಒಂದಂತಸ್ತು, ಶ್ರೀ ಓಟ್ಮಾರ್ ಫೆಟರ್ ಅವರ ಹೆಸರಿಗೆ ಬರೆಯಲಾಗಿದೆ."

ಓಟ್ಮಾರ್ ಎರಡು ಸಲ ಓದಿದ. ಇರ್ಮೆಲ್ ಪಕ್ಕದ ಮೇಜಿನಲ್ಲಿ ಮಿಕ್ಕ ಲಿಲ್ಲಿಗಳ ದಂಟು ಕತ್ತರಿಸುತ್ತಿದ್ದಳು.

"ಒಂದಂತಸ್ತು ಅಂತಿದೆ."

"ಹೂಂ. ಬಂಡೆಯಲ್ವಾ ಅಲ್ಲಿ."

"ನನ್ನೊಬ್ಬನ ಹೆಸರಿದೆ."

"ಇನ್ನೊಬ್ಬರು ಹಿಡಿಯಲ್ವಲ್ಲ."

"ಮತ್ತೆ ನೀನು?"

"ಎಫ್ ಸಾಲಿನ ಹತ್ತನೇ ನಂಬರಿನ ಅವಧಿ ಇನ್ನು ಮೂರು ವರ್ಷಕ್ಕೆ ಮುಗಿಯುತ್ತಂತೆ. ನನಗೇ ಇರಲಿ ಅಂತ ಹೇಳಿಟ್ಟಿದ್ದೀನಿ. ಕ್ನಾಪ್ ಅಮ್ಮನ ಪಕ್ಕ. ಮಾತಿಗೆ ಜನ ಬೇಕಲ್ಲ."

ಓಟ್ಮಾರ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸಿ, ಡಿ, ಇ, ಎಫ್. "ನಮ್ಮಿಬ್ಬರ ನಡುವೆ ಅಷ್ಟು ದೂರ ಆಗುತ್ತಲ್ಲೇ ಇರ್ಮೆಲ್. ನನಗೆ ನಿನ್ನ ಹತ್ರ ಏನಾದ್ರೂ ಹೇಳಬೇಕು ಅನ್ನಿಸಿದ್ರೆ?"

ಇರ್ಮೆಲ್ ಹೂವನ್ನು ಕುಪ್ಪಿಗೆ ಹಾಕಿ, ಕತ್ತರಿಯನ್ನು ಒರೆಸಿ, ಕೆಳಗಿಟ್ಟಳು.

"ಬರ್ದು ಕಳಿಸು," ಎಂದಳು. "ಕಂಡಾಗ ನೋಡ್ತೀನಿ."